ಬ್ಲಾಕ್ ಇಲ್ಲ ಅಂದರು, ಎದೆನೋವು ಮಾತ್ರ ಮತ್ತೆ ಬಂತು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿರುವ ನಿವೃತ್ತ ಶಿಕ್ಷಕಿ, ವಯಸ್ಸು 63. ಎದೆನೋವು ಅಂತ ಎರಡು ಸಲ ಐಸಿಯುನಲ್ಲಿ ಮಲಗಿ ಎದ್ದು ಬಂದಿದ್ದೇನೆ. ಎರಡೂ ಸಲ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂ ಆಯಿತು, ಎರಡೂ ಸಲ ಒಂದು ಬ್ಲಾಕೂ ಸಿಗಲಿಲ್ಲ. ನನ್ನದು ಟಾಕೊಟ್ಸುಬೊ ಅನ್ನುವ ಕಾಯಿಲೆ, ಅದೇನೆಂದು ಮುಂದೆ ಹೇಳುತ್ತೇನೆ. ನಡುವೆ ಎದೆ ಡವಡವ ಅಂದು, ಆಟೋ ಹಿಡಿದು ಓಡಿ, "ಏನೂ ಇಲ್ರಿ, ಟೆನ್ಶನ್ ತಗೋಬ್ಯಾಡ್ರಿ" ಅನ್ನಿಸಿಕೊಂಡು ತಿರುಗಿ ಬಂದದ್ದಕ್ಕೆ ಲೆಕ್ಕವೇ ಇಲ್ಲ. ಸಾಧನಕೇರಿ ಸುತ್ತ ವಾಕಿಂಗ್ ಬರುವವರು, ಬೀಗರ ಕಡೆಯವರು, ಹಳೆಯ ಸಹೋದ್ಯೋಗಿಗಳು ಈಗ ನನ್ನನ್ನೇ ಕೇಳುತ್ತಾರೆ. ಅವೇ ಪ್ರಶ್ನೆಗಳು ಇವು. ಹೃದ್ರೋಗ ತಜ್ಞರು ಬಿಡಿಸಿ ಹೇಳಿದ್ದು, ಓದಿ ತಿಳಿದದ್ದು, ಸ್ವಂತ ಅನುಭವ ಮೂರೂ ಇದರಲ್ಲಿ ಕಲೆತಿವೆ. ನಿಮ್ಮ ಮಾತ್ರೆ ಬದಲಿಸುವ ಕೆಲಸ ನಿಮ್ಮ ವೈದ್ಯರದ್ದು, ನನ್ನದಲ್ಲ.

ಇದನ್ನು ಓದುತ್ತಿರುವಾಗಲೇ ಎದೆ ನೋಯುತ್ತಿದೆ. ಏನು ಮಾಡಲಿ?

ಓದುವುದು ಬಿಟ್ಟು 108ಕ್ಕೆ ಫೋನ್ ಮಾಡಿ. ಎದೆ ಬಿಗಿತ, ಎದೆಯ ಮೇಲೆ ಕಲ್ಲು ಇಟ್ಟಂಥ ಭಾರ, ನೋವು ಕೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಸಾಲದಿರುವುದು, ಕಣ್ಣು ಕತ್ತಲೆ ಬರುವುದು. ಇವುಗಳಲ್ಲಿ ಒಂದಿದ್ದರೂ ಅದು ಟೆನ್ಶನ್ನೋ ಹಾರ್ಟ್ ಅಟ್ಯಾಕೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಏದುಸಿರು ಇರಬಹುದು. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.

ರೋಣ, ಹಾನಗಲ್ಲ, ಹಿರೇಕೆರೂರು ಕಡೆಯವರು "ಹೋದ್ರ ಸೀದಾ ಹುಬ್ಬಳ್ಳಿಗೇ ಹೋಗೂಣ" ಅಂತ ದಾರಿಯಲ್ಲೇ ಎರಡು ತಾಸು ಕಳೆಯುತ್ತಾರೆ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿನ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಕೇಳುವ ವ್ಯವಸ್ಥೆ ಇದೆ. ಹಾರ್ಟ್ ಅಟ್ಯಾಕ್ ಅಂತ ಗೊತ್ತಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಟೆನ್ಶನ್‌ನಿಂದ ಹೃದಯಕ್ಕೆ ನಿಜವಾಗಿಯೂ ಏನಾದರೂ ಆಗುತ್ತದಾ? ಅದು ಮನಸ್ಸಿನ ವಿಷಯ ಅಲ್ವಾ?

ಆಗುತ್ತದೆ. ಕೆಟ್ಟ ಸುದ್ದಿ ಕೇಳಿ "ಎದಿ ಧಸಕ್ಕಂತು" ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಆ ಕ್ಷಣ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಉಕ್ಕುತ್ತದೆ. ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. 2004ರಲ್ಲಿ 52 ದೇಶಗಳ ಜನರನ್ನು ಸೇರಿಸಿ ಮಾಡಿದ ಇಂಟರ್‌ಹಾರ್ಟ್ ಅಧ್ಯಯನ ಹಾರ್ಟ್ ಅಟ್ಯಾಕ್‌ಗೆ ಮುಖ್ಯವಾದ ಒಂಬತ್ತು ಕಾರಣಗಳನ್ನು ಗುರುತಿಸಿತು. ತಂಬಾಕು, ಬಿಪಿ, ಸಕ್ಕರೆ, ಕೊಬ್ಬಿನ ಜೊತೆಗೆ ಮನಸ್ಸಿನ ಒತ್ತಡವೂ ಆ ಪಟ್ಟಿಯಲ್ಲಿತ್ತು.

ಆದರೆ "ಟೆನ್ಶನ್ನಿಂದ ಆಗಿದ್ದು" ಅನ್ನುವ ಒಂದೇ ಮಾತಿನ ಕೆಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಮೊದಲೇ ಬ್ಲಾಕ್ ಇದ್ದು, ಸಿಟ್ಟಿನಲ್ಲೋ ಓಡಾಟದಲ್ಲೋ ನೋವು ಕಾಣಿಸಿಕೊಳ್ಳುವುದು ಒಂದು. ಬ್ಲಾಕ್ ಇಲ್ಲದಿದ್ದರೂ ರಕ್ತನಾಳ ಸೆಳೆತ ಹಿಡಿದು ಕಿರಿದಾಗುವುದು ಇನ್ನೊಂದು. ಇದು ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ, ಸುಮ್ಮನೆ ಮಲಗಿದ್ದಾಗ ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಜಾಸ್ತಿ. ಬಡಿತದ ತಾಳ ತಪ್ಪುವುದು ಮತ್ತೊಂದು. ಪ್ಯಾನಿಕ್ ಅಟ್ಯಾಕ್ ಬೇರೆಯೇ. ಇವುಗಳ ಜೊತೆ ನನಗೆ ಬಂದಿದ್ದು, ಟಾಕೊಟ್ಸುಬೊ. ಒಂದೊಂದಕ್ಕೂ ಔಷಧಿ ಬೇರೆ. ಅದಕ್ಕೇ "ನಿನಗ ಟೆನ್ಶನ್ನಿಂದ ಆಗೇದ" ಅಂದರೆ ಅಲ್ಲಿಗೆ ಬಿಡಬೇಡಿ. ಯಾವುದು ಅಂತ ಕೇಳಿ.

ಟಾಕೊಟ್ಸುಬೊ ಅಂದರೇನು? ಹೆಸರೇ ವಿಚಿತ್ರ.

ಜಪಾನಿ ಮಾತು. ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಇಳಿಬಿಡುವ ಮಡಕೆಗೆ ಅಲ್ಲಿ ಹಾಗೆ ಕರೆಯುತ್ತಾರೆ. ಕತ್ತು ಸಣ್ಣ, ಹೊಟ್ಟೆ ದೊಡ್ಡದು, ಹೆಚ್ಚು ಕಡಿಮೆ ನಮ್ಮ ಮಣ್ಣಿನ ಗಡಿಗೆ ಇದ್ದ ಹಾಗೆ. 1990ರಲ್ಲಿ ಜಪಾನಿನ ವೈದ್ಯರು ಈ ಕಾಯಿಲೆಗೆ ಆ ಹೆಸರು ಕೊಟ್ಟರು. ಹೃದಯದ ಎಡ ಕೆಳಗಿನ ಕೋಣೆ ರಕ್ತವನ್ನು ಮೈಗೆಲ್ಲ ತಳ್ಳುವ ಪಂಪು. ಅಡ್ರಿನಲಿನ್ ಒಮ್ಮೆಲೇ ನುಗ್ಗಿದಾಗ ಆ ಕೋಣೆಯ ತುದಿ ಸೋತು ಬಲೂನಿನ ಹಾಗೆ ಉಬ್ಬಿ ನಿಲ್ಲುತ್ತದೆ. ಬುಡ ಮಾತ್ರ ಬಡಿಯುತ್ತಿರುತ್ತದೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ನೋಡಿದರೆ ಥೇಟ್ ಗಡಿಗೆ.

ಎದೆನೋವು, ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೊಪೊನಿನ್ ಏರುವುದು ಎಲ್ಲವೂ ಹಾರ್ಟ್ ಅಟ್ಯಾಕಿನಂತೆಯೇ ಇರುತ್ತದೆ. ಆಂಜಿಯೋಗ್ರಾಂ ಮಾಡಿದಾಗಲೇ ವ್ಯತ್ಯಾಸ ಹೊರಬೀಳುವುದು. ಸಮಾಧಾನದ ವಿಷಯ ಏನೆಂದರೆ ಸ್ನಾಯು ಸತ್ತಿರುವುದಿಲ್ಲ, ದಣಿದಿರುತ್ತದೆ. ಕೆಲವು ವಾರಗಳಲ್ಲಿ ಬಹುತೇಕರ ಹೃದಯ ಮೊದಲಿನ ಹಾಗೆ ಬಡಿಯುತ್ತದೆ. ನನ್ನ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಆ ಕೋಣೆ ಹೊರತಳ್ಳುವ ರಕ್ತದ ಪಾಲು, ಮೊದಲ ಸಲ 35 ಪ್ರತಿಶತಕ್ಕೆ ಇಳಿದಿತ್ತು, ಏಳನೇ ವಾರದ ಎಕೋದಲ್ಲಿ 58 ಬಂತು.

ಬ್ಲಾಕ್ ಇಲ್ಲ ಅಂದಮೇಲೆ ಏನೂ ಆಗಿಲ್ಲ ಅಂತಲೇ ಅಲ್ವಾ?

ಅಲ್ಲ. ಈ ಒಂದು ತಪ್ಪು ತಿಳಿವಳಿಕೆ ನನ್ನನ್ನು ಬಹಳ ಕಾಡಿತು. ಮೊದಲ ಸಲ ಡಿಸ್ಚಾರ್ಜ್ ಆಗುವಾಗ ಒಂದು ಆಸ್ಪತ್ರೆಯಲ್ಲಿ "ಏನೂ ಆಗಿಲ್ಲ ಅಮ್ಮ, ಆರಾಮ ಮನೀಗೆ ಹೋಗ್ರಿ" ಅಂದರು. ಮನೆಯವರು ಅದನ್ನೇ ಹಿಡಿದುಕೊಂಡರು. ಹತ್ತನೇ ದಿನಕ್ಕೆ ನಾನು ಕೊಡ ಎತ್ತುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ಏದುಸಿರು ಬಿಡುತ್ತಿದ್ದೆ. "ಡಾಕ್ಟರೇ ಏನೂ ಆಗಿಲ್ಲ ಅಂದಾರ, ಇಕಿದು ನಾಟಕ" ಅನ್ನುವ ಮಾತೂ ಕಿವಿಗೆ ಬಿತ್ತು.

ಆ ಹೊತ್ತಿಗೆ ನನ್ನ ಪಂಪು ಇನ್ನೂ ಅರ್ಧ ಶಕ್ತಿಯಲ್ಲಿ ನಡೆಯುತ್ತಿತ್ತು. ಟಾಕೊಟ್ಸುಬೊದಲ್ಲಿ ಆಸ್ಪತ್ರೆಯಲ್ಲಿರುವ ದಿನಗಳ ಅಪಾಯ ಹಾರ್ಟ್ ಅಟ್ಯಾಕ್‌ಗಿಂತ ಕಡಿಮೆ ಏನಲ್ಲ: ಬಿಪಿ ಕುಸಿಯಬಹುದು, ಪುಪ್ಪುಸದಲ್ಲಿ ನೀರು ತುಂಬಬಹುದು, ಕೋಣೆಯೊಳಗೆ ರಕ್ತ ಹೆಪ್ಪುಗಟ್ಟಬಹುದು. ಡಿಸ್ಚಾರ್ಜ್ ಆಗುವಾಗ ಎರಡು ಪ್ರಶ್ನೆ ಕೇಳಿ. ಪಂಪಿಂಗ್ ಈಗ ಎಷ್ಟಿದೆ? ಮುಂದಿನ ಎಕೋ ಯಾವಾಗ? ಉತ್ತರವನ್ನು ಮನೆಯವರ ಮುಂದೆಯೇ ಹೇಳಿಸಿ.

ಇದು ದುಃಖದಿಂದಲೇ ಬರುತ್ತದಾ? "ಎದೆ ಒಡೆದು ಹೋಯಿತು" ಅಂತಾರಲ್ಲ, ಅದೇನಾ?

ಅದೂ ಒಂದು ಕಾರಣ, ಅದೊಂದೇ ಅಲ್ಲ. 2015ರಲ್ಲಿ 1750 ರೋಗಿಗಳ ದಾಖಲೆ ಇಟ್ಟುಕೊಂಡು ಬಂದ ದೊಡ್ಡ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಸರಾಸರಿ ವಯಸ್ಸು 67ರ ಆಸುಪಾಸು, ಬಹುಪಾಲು ಮುಟ್ಟು ನಿಂತವರು. ಮನಸ್ಸಿಗೆ ಬಿದ್ದ ಪೆಟ್ಟಿನಿಂದ ಆದದ್ದು ಸುಮಾರು 28 ಪ್ರತಿಶತ. ದೇಹಕ್ಕೆ ಬಿದ್ದ ಪೆಟ್ಟಿನಿಂದ, ಅಂದರೆ ಸೋಂಕು, ಆಪರೇಷನ್, ಉಬ್ಬಸ, ಮೂಳೆ ಮುರಿತ ಇಂಥವುಗಳಿಂದ ಆದದ್ದು 36 ಪ್ರತಿಶತ. ಮತ್ತೂ 28 ಪ್ರತಿಶತ ಜನರಲ್ಲಿ ಯಾವ ಕಾರಣವೂ ಕಾಣಲಿಲ್ಲ. ಅಪರೂಪಕ್ಕೆ ವಿಪರೀತ ಖುಷಿಯಿಂದಲೂ ಆಗುತ್ತದೆ!

ನನ್ನ ಮೊದಲನೆಯದು ಅಣ್ಣನ ಸಾವಿನಿಂದ. ಅದರ ಕಥೆ ಕೆಳಗೆ ಬರುತ್ತದೆ. ಎರಡನೆಯದು ನಾಲ್ಕು ವರ್ಷ ಬಿಟ್ಟು, ನ್ಯುಮೋನಿಯಾ ಜ್ವರದ ಮೂರನೇ ದಿನ. ಆಗ ನನಗೆ ಯಾವ ಚಿಂತೆಯೂ ಇರಲಿಲ್ಲ. ಮಗಳು ಊರಿಂದ ಬಂದಿದ್ದಳು, ಮನೆ ತುಂಬಿತ್ತು. ಆದರೂ "ಏನ್ ಟೆನ್ಶನ್ ಮಾಡ್ಕೊಂಡಿಯವ್ವಾ" ಅಂತ ಬಂದವರೆಲ್ಲ ಕೇಳಿದರು. ಮಾಡಿಕೊಳ್ಳದ ಟೆನ್ಶನ್ನಿಗೆ ಜವಾಬು ಕೊಡುವುದೇ ದೊಡ್ಡ ಟೆನ್ಶನ್ ಆಯಿತು ನೋಡಿ.

ಒಮ್ಮೆ ಬಂದರೆ ಮತ್ತೆ ಬರುತ್ತದಾ?

ಬರಬಹುದು, ಆದರೆ ನಾವು ಹೆದರುವಷ್ಟು ಅಲ್ಲ. ಅದೇ ಅಧ್ಯಯನದ ಪ್ರಕಾರ ಇದು ಬಂದುಹೋದ ನೂರು ಜನರಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ ಇಬ್ಬರಿಗೆ ಮರುಕಳಿಸುತ್ತದೆ. ಮತ್ತೆ ಬಂದಾಗ ಕಾರಣ ಬೇರೆ ಇರಬಹುದು, ನನಗೆ ಆದ ಹಾಗೆ. ಎರಡನೇ ಸಲವೂ ಆಸ್ಪತ್ರೆಗೆ ಹೋಗಲೇಬೇಕು. "ಹೋದ ಸಲದ್ದೇ ಇರ್ತೈತಿ, ತಾನೇ ಇಳಿತೈತಿ" ಅನ್ನಬಾರದು. ಹಿಂದೆ ಬ್ಲಾಕ್ ಇಲ್ಲದವರಿಗೆ ಮುಂದೆ ಬರಬಾರದು ಅಂತ ಎಲ್ಲೂ ಬರೆದಿಲ್ಲ.

ಪ್ಯಾನಿಕ್ ಅಟ್ಯಾಕೋ ಹಾರ್ಟ್ ಅಟ್ಯಾಕೋ, ಗೊತ್ತುಮಾಡಿಕೊಳ್ಳುವುದು ಹೇಗೆ?

ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿಗೆ ಮುಟ್ಟಿ ಅರ್ಧ ತಾಸಿನೊಳಗೆ ಇಳಿಯುತ್ತದೆ. ಕೈ ಬೆರಳು, ತುಟಿ ಜುಮುಜುಮು ಅನ್ನುತ್ತವೆ. ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಹಾರ್ಟ್ ಅಟ್ಯಾಕಿನ ನೋವು ಇಳಿಯದೆ ಉಳಿಯುತ್ತದೆ ಅಥವಾ ಬಂದು ಹೋಗಿ ಮಾಡುತ್ತಾ ಏರುತ್ತದೆ, ನಡೆದರೆ ಜಾಸ್ತಿಯಾಗುತ್ತದೆ. ಪುಸ್ತಕದಲ್ಲಿ ಹೀಗಿದೆ. ಆದರೆ ನಡುರಾತ್ರಿ, ನಿಮ್ಮದೇ ಎದೆಯ ಮೇಲೆ ಇದನ್ನು ಪರೀಕ್ಷೆ ಮಾಡಲು ಹೋಗಬೇಡಿ. ಮೊದಲ ಸಲ, ಅಥವಾ ಯಾವಾಗಲೂ ಬರುವ ರೀತಿ ಬಿಟ್ಟು ಬೇರೆ ರೀತಿ ಬಂದಾಗ, ಸೀದಾ ಆಸ್ಪತ್ರೆ.

ಇನ್ನೊಂದು ಮಾತು. ಮೊದಲ ಇಸಿಜಿ ಚೆನ್ನಾಗಿದೆ ಅಂದಕೂಡಲೇ ಎದ್ದು ಬರಬೇಡಿ. ನೋವು ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ ತೆಗೆಯುತ್ತಾರೆ. ಟ್ರೊಪೊನಿನ್ ರಕ್ತಪರೀಕ್ಷೆಯನ್ನೂ ಕೆಲವು ತಾಸು ಬಿಟ್ಟು ಎರಡನೇ ಸಲ ಮಾಡುತ್ತಾರೆ, ಏಕೆಂದರೆ ಅದು ಏರಲು ಸಮಯ ಬೇಕು. ಬಿಲ್ ಹೆಚ್ಚಿಸಲು ಮಾಡುತ್ತಾರೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ.

ಗ್ಯಾಸ್ ಇರಬಹುದಲ್ಲ?

ಇರಬಹುದು. ಸೋಡಾ ಕುಡಿದು, ತೇಗು ಬಂದು, "ಹಗುರಾತು" ಅಂತ ಮಲಗಿದವರು ಬೆಳಿಗ್ಗೆ ಏಳದ ಮನೆಗಳನ್ನು ಕಂಡಿದ್ದೇನೆ. ಇಸಿಜಿ ಆದಮೇಲೆ ಗ್ಯಾಸ್ ಅನ್ನೋಣ.

ಎದೆ ಒಂದು ಬಡಿತ ತಪ್ಪಿ, ಆಮೇಲೆ ಜೋರಾಗಿ ಒಂದು ಗುದ್ದು ಕೊಟ್ಟ ಹಾಗಾಗುತ್ತದೆ. ಅಪಾಯವಾ?

ಅದಕ್ಕೆ ಎಕ್ಟೋಪಿಕ್ ಅನ್ನುತ್ತಾರೆ. ಒಂದು ಬಡಿತ ಹೊತ್ತಿಗೆ ಮುಂಚೆ ಬರುತ್ತದೆ, ಆಮೇಲೆ ಚಿಕ್ಕ ಬಿಡುವು, ಮುಂದಿನದು ಜೋರು. ಎಕೋ ಚೆನ್ನಾಗಿದ್ದವರಿಗೆ ಬಹುಮಟ್ಟಿಗೆ ತೊಂದರೆ ಇಲ್ಲ. ನಿದ್ದೆಗೆಟ್ಟಾಗ, ಚಹಾ ಹೆಚ್ಚಾದಾಗ, ಜ್ವರದಲ್ಲಿ, ಚಿಂತೆಯಲ್ಲಿ ಜಾಸ್ತಿ. ಥೈರಾಯ್ಡ್, ರಕ್ತಹೀನತೆ ಇದ್ದರೂ ಹೀಗಾಗುತ್ತದೆ, ಆ ಎರಡು ಪರೀಕ್ಷೆ ಮಾಡಿಸಿಕೊಳ್ಳಿ. ನನಗೆ ಹಿಮೋಗ್ಲೋಬಿನ್ 8 ಇತ್ತು. ಅದು ಸರಿಯಾದಮೇಲೆ ಅರ್ಧ ಗುದ್ದು ನಿಂತವು.

ಸ್ವಿಚ್ ಹಾಕಿದ ಹಾಗೆ ಬಡಿತ ಒಮ್ಮೆಲೇ 150-200ಕ್ಕೆ ಏರಿ, ಸ್ವಿಚ್ ತೆಗೆದ ಹಾಗೆ ನಿಂತರೆ ಅದು ಬೇರೆ ಜಾತಿಯದು. ಅದಕ್ಕೆ ಖಚಿತ ಚಿಕಿತ್ಸೆ ಇದೆ. ಆದರೆ ಹಿಡಿಯಬೇಕಾದರೆ ಬಡಿತ ಓಡುತ್ತಿರುವಾಗಲೇ ಇಸಿಜಿ ಸಿಗಬೇಕು. 24 ತಾಸು ಎದೆಗೆ ಕಟ್ಟಿಕೊಂಡಿರುವ ಹೋಲ್ಟರ್ ಅನ್ನುವ ಯಂತ್ರ ಇರುವುದು ಅದಕ್ಕೇ. ಬಡಿತದ ಜೊತೆ ತಲೆತಿರುಗಿ ಬಿದ್ದರೆ ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು ಆಗಿದ್ದರೆ ಕಾಯಬೇಡಿ.

ನಮ್ಮ ಕಾಕಾ ಯಾವಾಗಲೂ ಕಿಸೆಯಲ್ಲಿ ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡಿರುತ್ತಾರೆ. ನಾನೂ ಇಟ್ಟುಕೊಳ್ಳಲಾ?

ನಿಮ್ಮ ಹೆಸರಿನ ಚೀಟಿಯಲ್ಲಿ ಬರೆದಿದ್ದರೆ ಮಾತ್ರ. ಆ ಮಾತ್ರೆ ಬಿಪಿ ಇಳಿಸುತ್ತದೆ. ಬಿಪಿ ಮೊದಲೇ ಕಡಿಮೆ ಇದ್ದವರು ನಾಲಿಗೆ ಕೆಳಗಿಟ್ಟು ಅಲ್ಲೇ ಕುಸಿದದ್ದುಂಟು. ಟಾಕೊಟ್ಸುಬೊ ಇದ್ದ ಕೆಲವರಲ್ಲಿ ಅದು ರಕ್ತ ಹೊರಹೋಗುವ ದಾರಿಯನ್ನು ಇನ್ನಷ್ಟು ಇಕ್ಕಟ್ಟು ಮಾಡುತ್ತದೆ. ಒಬ್ಬರ ಚಪ್ಪಲಿ ಇನ್ನೊಬ್ಬರು ಹಾಕಿಕೊಳ್ಳಬಹುದು, ಹೃದಯದ ಮಾತ್ರೆ ಬೇಡ.

ಮಾತ್ರೆ ಎಷ್ಟು ದಿನ? ಆರಾಮಾದಮೇಲೆ ಬಿಡಬಹುದಾ?

ಪಂಪಿಂಗ್ ಸುಧಾರಿಸುವವರೆಗೆ ಸಾಮಾನ್ಯವಾಗಿ ಹೃದಯದ ಭಾರ ಇಳಿಸುವ ಮಾತ್ರೆಗಳನ್ನು ಕೊಡುತ್ತಾರೆ. ಮುಂದೆ ಮುಂದುವರಿಸುವುದು ಬಿಡುವುದು ನಿಮ್ಮ ಬಿಪಿ, ಸಕ್ಕರೆ, ವಯಸ್ಸು ನೋಡಿ. ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಟಾಕೊಟ್ಸುಬೊ ಮರುಕಳಿಸದಂತೆ ಖಂಡಿತ ತಡೆಯುತ್ತದೆ ಅಂತ ಸಾಬೀತಾಗಿಲ್ಲ. ನನಗೆ ಅದನ್ನು ಕೊಡುತ್ತಿದ್ದಾಗಲೇ ಎರಡನೆಯದು ಬಂತು. ಹಾಗಂತ ಅದನ್ನು ಒಮ್ಮೆಲೇ ನಿಲ್ಲಿಸಬಾರದು. ದಿಢೀರ್ ಬಿಟ್ಟರೆ ಬಡಿತ, ಬಿಪಿ ಎರಡೂ ತಿರುಗಿ ಏರುತ್ತವೆ. ಶಿವರಾತ್ರಿ, ಏಕಾದಶಿ ಉಪವಾಸಕ್ಕೆ ಮಾತ್ರೆಯನ್ನೂ ಬಿಡುವವರು ಇದನ್ನು ಎರಡು ಸಲ ಓದಿ.

ಉಬ್ಬಸ ಇದ್ದರೆ ಮೊದಲೇ ಹೇಳಿ. ರಕ್ತನಾಳದ ಸೆಳೆತ ಇರುವವರಿಗೆ ಬೀಟಾ ಬ್ಲಾಕರ್ ಕೆಲವೊಮ್ಮೆ ಸೆಳೆತವನ್ನೇ ಹೆಚ್ಚಿಸುತ್ತದೆ, ಅವರಿಗೆ ಬೇರೆ ಗುಂಪಿನ ಮಾತ್ರೆ ಬೇಕು.

ಎಲ್ಲರೂ "ಟೆನ್ಶನ್ ತಗೋಬ್ಯಾಡ" ಅಂತಾರೆ. ತಗೊಳ್ಳದೆ ಇರೋದು ಹೇಗೆ?

ಟೆನ್ಶನ್ ಏನು ಸಂತೆಯಲ್ಲಿ ಮಾರುವ ಬದನೆಕಾಯಿಯಾ, ಬೇಡ ಅಂತ ಬಿಟ್ಟು ಬರಲು? ಮಳೆ ಬರಲಿಲ್ಲ, ಮೆಣಸಿನಕಾಯಿ ರೇಟು ಬಿತ್ತು, ಸೊಸೈಟಿ ಸಾಲದ ಕಂತು ಬಂತು, ಮಗನಿಗೆ ಕನ್ಯೆ ಸಿಗುತ್ತಿಲ್ಲ. ಇವು ನಮ್ಮನ್ನು ಕೇಳಿ ಬರುವುದಿಲ್ಲ. ಹೀಗಾಗಿ ಆ ಉಪದೇಶವನ್ನು ನಾನು ಕಿವಿಗೆ ಹಾಕಿಕೊಳ್ಳುವುದು ಬಿಟ್ಟೆ. ಬದಲಿಗೆ ಮೈಗೆ ಆಗುವುದನ್ನು ನೋಡಲು ಶುರು ಮಾಡಿದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಎದೆ ಡವಗುಟ್ಟಿದಾಗೆಲ್ಲ ದಿನ, ಹೊತ್ತು, ಎಷ್ಟು ನಿಮಿಷ, ಅದಕ್ಕೂ ಮೊದಲು ಏನಾಗಿತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ ಅಂತ ಬರೆದೆ. ಮೂರು ತಿಂಗಳಲ್ಲಿ ಒಂದು ವಿಷಯ ಎದ್ದು ಕಂಡಿತು. ಜಗಳವಾಗಲಿ, ಸಾಲದ ಚಿಂತೆಯಾಗಲಿ ಅಲ್ಲ, ನಿದ್ದೆಗೆಟ್ಟ ಮರುದಿನದ ಮಧ್ಯಾಹ್ನ ನನಗೆ ಕೆಟ್ಟದ್ದು. ಅದರಲ್ಲೂ ಬರೀ ಚಹಾ ಕುಡಿದು ಊಟ ತಡ ಮಾಡಿದ ದಿನ. ಇದು ನನ್ನ ಕೈಯಲ್ಲಿರುವ ವಿಷಯ. ಸಂಜೆ 5ರ ಮೇಲೆ ಚಹಾ ನಿಲ್ಲಿಸಿದೆ. ರಾತ್ರಿ 10ಕ್ಕೆ ಮೊಬೈಲು ಅಡಿಗೆಮನೆಯ ಡಬ್ಬಿಯ ಮೇಲೆ. ನಿಮ್ಮ ನೋಟ್‌ಬುಕ್ಕು ಬೇರೇನೋ ಹೇಳಬಹುದು.

ಉಸಿರಾಟದ್ದೂ ಉಪಯೋಗವಾಯಿತು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಆರು ಉಸಿರು. ಹೊರಗೆ ಬಿಡುವುದು ಉದ್ದವಾದಾಗ ಬಡಿತ ತಾನೇ ಇಳಿಯುತ್ತದೆ. ದಿನಾ ಹತ್ತು ನಿಮಿಷ, ಆರಾಮಾಗಿದ್ದಾಗಲೇ ರೂಢಿ ಮಾಡಿಕೊಳ್ಳಬೇಕು. ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡಿದರೆ ಪ್ರಯೋಜನ ಇಲ್ಲ. ಉಸಿರು ಬಿಗಿಹಿಡಿದು ಮಾಡುವ ಪ್ರಾಣಾಯಾಮ, ಜೋರಾಗಿ ಹೊಡೆಯುವ ಭಸ್ತ್ರಿಕಾ, ಕಪಾಲಭಾತಿ ಇವನ್ನು ವೈದ್ಯರನ್ನು ಕೇಳದೆ ಮಾಡಬೇಡಿ.

ಸಾವಿನ ಸುದ್ದಿ, ಕೆಟ್ಟ ಸುದ್ದಿ ಇಂಥವರಿಗೆ ಹೇಳಬೇಕಾ, ಮುಚ್ಚಿಡಬೇಕಾ?

ಇದನ್ನು ನನಗಿಂತ ಚೆನ್ನಾಗಿ ಬೇರೆ ಯಾರೂ ಹೇಳಲಾರರು. ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ ಫೋನಿನಲ್ಲಿ ಹೇಳುವುದಿಲ್ಲ. "ಸ್ವಲ್ಪ ಆರಾಮಿಲ್ಲ, ಲಗೂನ ಬಾ" ಅನ್ನುತ್ತಾರೆ. ರಾತ್ರಿ 2 ಗಂಟೆಗೆ ಅಣ್ಣನ ಮಗ ಹಾಗೇ ಅಂದ. ಧಾರವಾಡದಿಂದ ರೋಣದ ಹತ್ತಿರದ ನಮ್ಮ ತವರೂರಿಗೆ ಎರಡು ತಾಸಿನ ಮೇಲೆ ದಾರಿ. ದಾರಿಯುದ್ದ ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನಾನು "ಗದಗಿಗೆ ಕರಕೊಂಡು ಹೋಗ್ಯಾರೋ ಇಲ್ಲೋ ಕೇಳ್ರಿ" ಅನ್ನುತ್ತಲೇ ಇದ್ದೆ. ಯಾರೂ ಮುಖ ನೋಡಲಿಲ್ಲ. ಊರ ಅಗಸಿ ದಾಟಿದಾಗ ಭಜನೆಯ ದನಿ ಕೇಳಿಸಿತು. ಆ ಹೊತ್ತಿನಲ್ಲಿ ಭಜನೆ ಯಾತಕ್ಕೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಕಾರಿನಿಂದ ಇಳಿದೆ, ಕಟ್ಟೆ ಹಿಡಿದುಕೊಂಡೆ, ಎದೆ ಹಿಂಡಿದ ಹಾಗಾಯಿತು. ಅಣ್ಣನ ಮುಖ ನೋಡುವ ಮೊದಲೇ ನನ್ನನ್ನು ಗದಗಿಗೆ ಒಯ್ದರು.

ಮುಚ್ಚಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಮಾಡಿದರು. ಆದರೆ ಆ ಎರಡು ತಾಸು ನನ್ನ ಮೈ ಸುಳ್ಳನ್ನು ನಂಬಿರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಈಗ ನಮ್ಮ ಮನೆಯಲ್ಲಿ ಒಂದು ಮಾತಾಗಿದೆ. ಸುದ್ದಿ ಏನೇ ಇರಲಿ, ಫೋನು ಮೊದಲು ನನ್ನ ಮಗನಿಗೆ. ಅವನು ನನ್ನನ್ನು ಕೂರಿಸಿ, ಪಕ್ಕದಲ್ಲಿ ಕೂತು, ಸೀದಾ ಹೇಳುತ್ತಾನೆ. "ಆರಾಮಿಲ್ಲ" ಅನ್ನುವ ಶಬ್ದ ಬಳಸುವ ಹಾಗಿಲ್ಲ. ಹೇಳಿದಮೇಲೆ ಒಬ್ಬಳೇ ಬಿಡುವುದಿಲ್ಲ, ಹೊತ್ತಿನ ಮಾತ್ರೆ ತಪ್ಪಿಸುವುದಿಲ್ಲ, ಹೊಟ್ಟೆಗೆ ಏನಾದರೂ ಹಾಕಿಸಿಯೇ ಕರೆದೊಯ್ಯುತ್ತಾನೆ. ಕಳೆದ ವರ್ಷ ನಮ್ಮ ವೈನಿ (ಅತ್ತಿಗೆ) ತೀರಿಕೊಂಡಾಗ ಹೀಗೇ ಹೇಳಿದ. ಅತ್ತುಬಿಟ್ಟೆ. ಮಣ್ಣಿಗೆ ಹೋಗಿ ಬಂದೆ. ಎದೆ ಭಾರ ಇತ್ತು, ಗಡಿಗೆಯಾಗಲಿಲ್ಲ.

ವರ್ಷದ ಕಾರ್ಯ, ತಿಥಿಯ ದಿನಗಳೂ ಕೆಲವರಿಗೆ ಭಾರ. ಆ ವಾರ ಬೇರೆ ಓಡಾಟ ಇಟ್ಟುಕೊಳ್ಳಬೇಡಿ.

ಮನೋವೈದ್ಯರ ಹತ್ತಿರ ಹೋಗು ಅಂತಾರೆ. ನಾನೇನು ಹುಚ್ಚಿಯಾ?

ನಮ್ಮ ಭಾಗದಲ್ಲಿ "ಧಾರವಾಡಕ್ಕ ಕಳಸ್ಬೇಕು ನಿನ್ನ" ಅಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಧಾರವಾಡದಲ್ಲೇ ಇರುವ ನನಗೆ ಆ ಜೋಕು ಕೇಳಿ ಕೇಳಿ ಸಾಕಾಗಿದೆ. ಆ ಜೋಕಿನ ಆಸ್ಪತ್ರೆಯೇ ಈಗಿನ ಡಿಮ್ಹಾನ್ಸ್, ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ನಿದ್ದೆ ಬಾರದವರು, ಗಾಬರಿ ಆಗುವವರು, ದುಃಖದಿಂದ ಮೇಲೇಳಲು ಆಗದವರು ಅಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ಕೂತಿರುತ್ತಾರೆ. ನಾನೂ ಕೂತಿದ್ದೆ. ಪಕ್ಕದಲ್ಲಿದ್ದವರು ನಮ್ಮ ಓಣಿಯವರೇ. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸಿ, ಆಮೇಲೆ ನಕ್ಕೆವು.

ಹೃದಯದ ಕಾಯಿಲೆ ಇದ್ದವರಲ್ಲಿ ಖಿನ್ನತೆ ಇದ್ದರೆ ಎರಡಕ್ಕೂ ಚಿಕಿತ್ಸೆ ಬೇಕು. ಸರ್ಟ್ರಲೀನ್‌ನಂಥ ಮಾತ್ರೆಗಳನ್ನು ಹಾರ್ಟ್ ಅಟ್ಯಾಕ್ ಆದವರಿಗೂ ಕೊಟ್ಟು ಪರೀಕ್ಷಿಸಿದ್ದಾರೆ. ಅಡ್ರಿನಲಿನ್ ಜಾತಿಯ ರಾಸಾಯನಿಕವನ್ನು ಹೆಚ್ಚಿಸುವ ಕೆಲವು ಖಿನ್ನತೆಯ ಮಾತ್ರೆಗಳೂ ಇವೆ, ಹೀಗಾಗಿ ಟಾಕೊಟ್ಸುಬೊ ಆಗಿತ್ತು ಅಂತ ಮನೋವೈದ್ಯರಿಗೆ ಮೊದಲೇ ಹೇಳಿ. ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ.

ಊಟದಲ್ಲಿ ಏನು ಬಿಡಬೇಕು?

ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಮೊಸರು ಇವನ್ನು ಬಿಡಿಸುವ ಡಾಕ್ಟರನ್ನು ನಾನು ಕಂಡಿಲ್ಲ. ಬ್ಯಾಡಗಿ ಮೆಣಸಿನಕಾಯಿಯೂ ಆರೋಪಿಯಲ್ಲ. ಅದು ಬಣ್ಣದಲ್ಲಿ ಮುಂದೆ, ಖಾರದಲ್ಲಿ ಹಿಂದೆ. ಆರೋಪಿ ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ ಅಂತಾರೆ, ಅಂದರೆ ಒಂದು ಚಹಾ ಚಮಚದಷ್ಟು. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಮೆಣಸಿನಕಾಯಿ ಸೇರಿದರೆ ಅದು ಬೆಳಗಿನ ಊಟಕ್ಕೇ ಮುಗಿಯುತ್ತದೆ. ಗಿರ್ಮಿಟ್ಟು, ಮಿರ್ಚಿಯನ್ನು ನಾನು ಪೂರ್ತಿ ಬಿಟ್ಟಿಲ್ಲ, ತಿಂಗಳಿಗೊಮ್ಮೆ ತಿನ್ನುತ್ತೇನೆ.

ತಂಬಾಕಿನ ವಿಷಯದಲ್ಲಿ ತಿಂಗಳಿಗೊಮ್ಮೆ ಅನ್ನುವುದಿಲ್ಲ. ಗುಟ್ಕಾ, ಎಲೆಅಡಿಕೆ ಜೊತೆಗಿನ ತಂಬಾಕು, ಹಲ್ಲಿಗೆ ಉಜ್ಜುವ ಮಿಶ್ರಿ ಎಲ್ಲವೂ ಬಡಿತ ಏರಿಸುತ್ತವೆ, ನಾಳ ಬಿಗಿಸುತ್ತವೆ. "ಟೆನ್ಶನ್ ಕಡಿಮಿ ಆಗ್ಲಿ ಅಂತ ಹಾಕ್ಕೋತೀನಿ" ಅನ್ನುವುದು ನಮ್ಮ ಮನೆಯವರ ವಾದವೂ ಆಗಿತ್ತು.

ವಾಕಿಂಗ್ ಎಷ್ಟು?

ಮೊದಲ ಎಕೋ ಚೆನ್ನಾಗಿ ಬರುವವರೆಗೆ ವೈದ್ಯರು ಹೇಳಿದಷ್ಟೇ. ಆಮೇಲೆ ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ 150 ನಿಮಿಷದವರೆಗೆ ಏರಿಸಬಹುದು. ಮಾತಾಡುತ್ತಾ ನಡೆಯಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆಯ ದಂಡೆ ಸಮತಟ್ಟು. ನೃಪತುಂಗ ಬೆಟ್ಟ ಹತ್ತುವುದನ್ನು ಮೊದಲ ವಾರಗಳಲ್ಲಿ ಬಿಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಗದಗಿನವರು ಬೆಳಿಗ್ಗೆ 7ರೊಳಗೆ ಮನೆ ಸೇರಿ.

ನೆಗಡಿ ಮಾತ್ರೆ, ಹಲ್ಲು ಕೀಳಿಸುವುದು ಇದಕ್ಕೆಲ್ಲ ಹೇಳಬೇಕಾ?

ಹೇಳಬೇಕು, ಇದನ್ನು ಯಾರೂ ನೆನಪಿಡುವುದಿಲ್ಲ. ಮೂಗು ಬಿಡಿಸುವ ನೆಗಡಿ ಮಾತ್ರೆಗಳಲ್ಲಿ ಅಡ್ರಿನಲಿನ್‌ನಂತೆ ಕೆಲಸ ಮಾಡುವ ಔಷಧಿ ಇರುತ್ತದೆ. ಹಲ್ಲಿನ ವೈದ್ಯರು ಮರಗಟ್ಟಿಸಲು ಕೊಡುವ ಇಂಜೆಕ್ಷನ್ನಿನಲ್ಲೂ ಹಲವು ಸಲ ಸ್ವಲ್ಪ ಅಡ್ರಿನಲಿನ್ ಸೇರಿಸಿರುತ್ತಾರೆ. ಮೊದಲೇ ಹೇಳಿದರೆ ಪ್ರಮಾಣ ನೋಡಿ ಕೊಡುತ್ತಾರೆ. ಉಬ್ಬಸದ ಪಂಪನ್ನು ಹೆದರಿ ಬಿಡಬೇಡಿ, ಆದರೆ ಪದೇ ಪದೇ ಬೇಕಾಗುತ್ತಿದ್ದರೆ ತೋರಿಸಿಕೊಳ್ಳಿ.

ಗಂಡ ಹೆಂಡತಿ...?

ಇದನ್ನು ಹೆಂಗಸರು ಕಿವಿಯಲ್ಲಿ ಕೇಳುತ್ತಾರೆ, ಗಂಡಸರು ಕೇಳುವುದೇ ಇಲ್ಲ. ಎರಡು ಅಂತಸ್ತು ಮೆಟ್ಟಿಲು ಏದುಸಿರಿಲ್ಲದೆ, ನೋವಿಲ್ಲದೆ ಹತ್ತಲು ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆ ಹೊತ್ತಿಗೆ ಬಳಸುವ ಕೆಲವು ಮಾತ್ರೆಗಳು ಸಾರ್ಬಿಟ್ರೇಟ್ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಅದನ್ನು ಮಾತ್ರ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಲೇಬೇಕು.

ರಾತ್ರಿ ಒಬ್ಬಳೇ ಇರಲು ಭಯ. ಏನು ಮಾಡಲಿ?

ಭಯ ಪೂರ್ತಿ ಹೋಗಲಿಲ್ಲ ನನಗೆ. ಅದಕ್ಕೊಂದು ಚೀಲ ಮಾಡಿಟ್ಟಿದ್ದೇನೆ. ಬಾಗಿಲ ಹಿಂದಿನ ಮೊಳೆಗೆ ತೂಗಿರುವ ಬಟ್ಟೆಯ ಕೈಚೀಲ. ಅದರಲ್ಲಿ ಆರಾಮಾಗಿದ್ದಾಗ ತೆಗೆದ ಇಸಿಜಿ ಇದೆ, ಹೊಸದರ ಪಕ್ಕ ಇಟ್ಟು ನೋಡಲು ವೈದ್ಯರಿಗೆ ಅದು ಬಹಳ ಉಪಯೋಗ. ಎರಡೂ ಆಂಜಿಯೋಗ್ರಾಂ ವರದಿ, ಕೊನೆಯ ಎಕೋ, ಈಗಿನ ಮಾತ್ರೆಗಳ ಪಟ್ಟಿ, ಆಧಾರ್, ಆಯುಷ್ಮಾನ್ ಕಾರ್ಡು, ಮಗನ ನಂಬರು ದಪ್ಪ ಅಕ್ಷರದಲ್ಲಿ. "ಟಾಕೊಟ್ಸುಬೊ, ಎರಡು ಸಲ" ಅಂತ ರಟ್ಟಿನ ಮೇಲೆ ಬರೆದು ಮೇಲೆಯೇ ಇಟ್ಟಿದ್ದೇನೆ, ಏಕೆಂದರೆ ನಡುರಾತ್ರಿ ಆ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ನಮ್ಮ ಇನ್ನೊಂದು ಕೀಲಿ ಇದೆ. ಅವರ ಕೀಲಿ ನನ್ನ ಹತ್ತಿರ, ಅವರಿಗೂ ಬಿಪಿ.